51 ಮಣಿಗಳ ಓದು ಮತ್ತು ನಮ್ಮ ವಿದ್ಯಾರ್ಥಿವೇತನ

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)





ಪ್ರತಿವರ್ಷ ಈ ಸಭೆಯಲ್ಲಿ ನಾವು ಲೆಕ್ಕಪತ್ರ ಓದುತ್ತೇವೆ. ಎಷ್ಟು ಅರ್ಜಿ ಬಂತು, ಎಷ್ಟು ಮಂದಿಗೆ ಕೊಟ್ಟೆವು, ಎಷ್ಟು ಉಳಿಯಿತು ಎಂದು ಹೇಳಿ ಕುಳಿತುಕೊಳ್ಳುತ್ತೇವೆ. ಆ ಲೆಕ್ಕ ಈ ವರದಿಯ ಮುಂದಿನ ಪುಟಗಳಲ್ಲಿದೆ. ಇವತ್ತು ನಾವು ಮಾಡಿದ ಒಂದು ತಪ್ಪಿನ ಬಗ್ಗೆ ಮತ್ತು ಆ ತಪ್ಪನ್ನು ನಮಗೆ ಮನವರಿಕೆ ಮಾಡಿಕೊಟ್ಟ ಒಂದು ವಿಜ್ಞಾನದ ಕಥೆಯ ಬಗ್ಗೆ ಹೇಳಲು ಅನುಮತಿ ಕೊಡಿ.

ಕಳೆದ ವರ್ಷ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದಿದ್ದರು. ಬೀಡಿ ಕಟ್ಟಿ ಮನೆ ನಡೆಸುವವರು. ಗಂಡನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಮಗಳು ಬಿಎಸ್ಸಿಯಲ್ಲಿ ಜೀವರಸಾಯನಶಾಸ್ತ್ರ ತೆಗೆದುಕೊಂಡಿದ್ದಾಳೆ. ಎರಡನೇ ವರ್ಷ ತಂದೆ ಆಸ್ಪತ್ರೆ ಸೇರಿದ ತಿಂಗಳಲ್ಲೇ ಪರೀಕ್ಷೆ ಬಂತು, ಒಂದು ವಿಷಯ ಹೋಯಿತು. ನಮ್ಮ ನಿಯಮದಲ್ಲಿ ಎರಡು ಸಾಲುಗಳಿದ್ದವು: ನೂರಕ್ಕೆ 75 ಅಂಕ ಇರಬೇಕು, ಒಂದು ವಿಷಯ ಅನುತ್ತೀರ್ಣವಾದರೂ ಸಹಾಯ ನಿಲ್ಲುತ್ತದೆ. ನಾವು ನಿಲ್ಲಿಸಿದೆವು.

ಆ ತಾಯಿ ಜಗಳವಾಡಲಿಲ್ಲ. ಒಂದೇ ಮಾತು ಕೇಳಿದರು: "ಸಾರ್, ನಮ್ಮ ಮನೆಯವರೂ ಕೇಳ್ತಾರೆ, ನೆರೆಕರೆಯವರೂ ಕೇಳ್ತಾರೆ. ಇವಳು ಡಾಕ್ಟರೂ ಆಗಲ್ಲ, ಇಂಜಿನಿಯರೂ ಆಗಲ್ಲ. ದಿನವಿಡೀ ಗಾಜಿನ ಬಾಟಲಿಯಲ್ಲಿ ಬಣ್ಣ ನೋಡ್ತಾ ನಿಲ್ತಾಳಂತೆ. ಅದರಿಂದ ಯಾರಿಗೆ ಏನಾಗ್ತದೆ?"

ನಮ್ಮಲ್ಲಿ ಯಾರಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಸಮಿತಿಯಲ್ಲಿ ವಿಜ್ಞಾನ ಕಲಿಸಿದವರೂ ಇದ್ದರು, ಆದರೂ ಹೊಳೆಯಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇವತ್ತು ಎಲ್ಲರ ಮುಂದೆ ಕೊಡುತ್ತಿದ್ದೇವೆ.

ಆ ಮನೆಯ ಇನ್ಸುಲಿನ್ ಬಾಟಲಿಯಿಂದಲೇ ಆರಂಭಿಸೋಣ. ಇನ್ಸುಲಿನ್ ಒಂದು ಪ್ರೋಟೀನ್. ನಮ್ಮ ರಕ್ತ, ಸ್ನಾಯು, ಕೂದಲು, ಹಾಲಿನ ಕೆನೆಗಟ್ಟಿದ ಮೊಸರು, ಮೊಟ್ಟೆಯ ಬಿಳಿ, ಎಲ್ಲದರಲ್ಲೂ ಪ್ರೋಟೀನ್ ಇದೆ. ಪ್ರೋಟೀನನ್ನು ತಸ್ಬೀಹ್ ಮಾಲೆಯಂತೆ ಊಹಿಸಿಕೊಳ್ಳಿ. ದಾರದಲ್ಲಿ ಪೋಣಿಸಿದ ಮಣಿಗಳೇ ಅಮೈನೋ ಆಮ್ಲಗಳು. ನಮ್ಮ ತಸ್ಬೀಹ್‌ನಲ್ಲಿ ಎಲ್ಲ ಮಣಿಗಳೂ ಒಂದೇ ಬಣ್ಣ. ಈ ಮಾಲೆಯಲ್ಲಿ 20 ಬಣ್ಣದ ಮಣಿಗಳಿವೆ. ಯಾವ ಬಣ್ಣದ ಮಣಿ ಎಷ್ಟು, ಯಾವುದರ ನಂತರ ಯಾವುದು ಎಂಬುದರ ಮೇಲೆ ಆ ಪ್ರೋಟೀನು ಇನ್ಸುಲಿನ್ನೋ, ರಕ್ತದ ಹಿಮೋಗ್ಲೋಬಿನ್ನೋ, ಕುರಿಯ ಉಣ್ಣೆಯೋ ಎಂಬುದು ನಿಂತಿದೆ.

ಹಾಗಾಗಿ ಪ್ರಯೋಗಾಲಯದಲ್ಲಿ ಕೇಳುವ ಪ್ರಶ್ನೆಗಳು ಎರಡು. ಯಾವ ಮಣಿ ಎಷ್ಟಿದೆ? ಇದು ಎಣಿಕೆ. ಯಾವ ಕ್ರಮದಲ್ಲಿದೆ? ಇದು ಓದು.

ಎಣಿಕೆ ಸುಲಭವೆಂದು ತೋರುತ್ತದೆ. ದಾರ ಕತ್ತರಿಸಿ ಮಣಿಗಳನ್ನು ಬಿಡಿಸಿದರಾಯಿತಲ್ಲ? ಬಿಡಿಸಲು ಪ್ರೋಟೀನನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ, ಗಾಳಿಯಾಡದ ನಳಿಕೆಯಲ್ಲಿ 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 24 ಗಂಟೆ ಇಡುತ್ತಾರೆ. ಕಷ್ಟ ಅಲ್ಲಿಂದ ಶುರು. ಟ್ರಿಪ್ಟೊಫಾನ್ ಎಂಬ ಮಣಿ ಆ ಆಮ್ಲದಲ್ಲಿ ಸುಟ್ಟುಹೋಗುತ್ತದೆ. ಆಸ್ಪರಜಿನ್, ಗ್ಲುಟಮಿನ್ ಎಂಬ ಎರಡು ಮಣಿಗಳು ಬಣ್ಣ ಬದಲಿಸಿ ಬೇರೆ ಎರಡರಂತೆ ಕಾಣತೊಡಗುತ್ತವೆ. ಉಳಿದವು ಎಲ್ಲವೂ ಒಂದೇ ದ್ರವದಲ್ಲಿ ಕರಗಿ ಬಣ್ಣವಿಲ್ಲದೆ ಕುಳಿತಿರುತ್ತವೆ. ಅವುಗಳನ್ನು ಬೇರ್ಪಡಿಸುವುದು ಹೇಗೆ?

ಶಾಯಿಯ ಹನಿ ಒತ್ತುಕಾಗದದ ಮೇಲೆ ಬಿದ್ದು, ಅಂಚಿಗೆ ನೀರು ತಾಗಿದಾಗ ಶಾಯಿಯೊಳಗಿನ ಬಣ್ಣಗಳು ಬೇರೆಬೇರೆ ದೂರಕ್ಕೆ ಹರಿಯುವುದನ್ನು ಮಕ್ಕಳು ನೋಡಿರುತ್ತಾರೆ. ಅಮೈನೋ ಆಮ್ಲಗಳನ್ನು ಬೇರ್ಪಡಿಸಿದ್ದೂ ಅದೇ ಉಪಾಯದಿಂದ. ಅದಕ್ಕೆ ಕಾಗದದ ಕ್ರೊಮಾಟೋಗ್ರಫಿ ಎಂದು ಹೆಸರು. ಇದಕ್ಕೆ ದಾರಿ ಮಾಡಿದವರು ಇಂಗ್ಲೆಂಡಿನ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್. ಅವರು ಕೆಲಸ ಮಾಡಿದ್ದು ಲೀಡ್ಸ್ ನಗರದ ಉಣ್ಣೆ ಸಂಶೋಧನಾ ಕೇಂದ್ರದಲ್ಲಿ. ಉಣ್ಣೆಯೂ ಪ್ರೋಟೀನ್ ತಾನೇ? ಸಿಂಜ್ ಅವರಿಗೆ ಉಣ್ಣೆ ಉದ್ಯಮದವರ ಸಂಸ್ಥೆಯೊಂದು ವಿದ್ಯಾರ್ಥಿವೇತನ ಕೊಟ್ಟಿತ್ತು. ಉಣ್ಣೆಗಾಗಿ ಕೊಟ್ಟ ಹಣ ಇಡೀ ಜಗತ್ತಿನ ವೈದ್ಯಕೀಯಕ್ಕೆ ಉಪಕಾರವಾಯಿತು. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಬೇರ್ಪಟ್ಟ ಮಣಿಗಳಿಗೆ ಬಣ್ಣವಿಲ್ಲವಲ್ಲ, ಅದಕ್ಕೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಸಿಂಪಡಿಸಿ ಬಿಸಿ ಮಾಡುತ್ತಾರೆ. ಆಗ ನೇರಳೆ ಬಣ್ಣದ ಚುಕ್ಕೆಗಳು ಏಳುತ್ತವೆ. ಪ್ರೊಲಿನ್ ಎಂಬುದು ಮಾತ್ರ ಹಳದಿಯಾಗಿ ಕಾಣುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಮೂರ್ ಮತ್ತು ವಿಲಿಯಂ ಸ್ಟೈನ್ ಇದೇ ಬಣ್ಣವನ್ನು ಅಳೆದು, ಯಾವ ಮಣಿ ಎಷ್ಟಿದೆ ಎಂದು ತಾನೇ ಬರೆದುಕೊಡುವ ಯಂತ್ರವನ್ನು 1958ರಲ್ಲಿ ಪ್ರಕಟಿಸಿದರು. ದಿನಗಟ್ಟಲೆ ಹಿಡಿಯುತ್ತಿದ್ದ ಎಣಿಕೆ ಒಂದು ದಿನದೊಳಗೆ ಮುಗಿಯತೊಡಗಿತು. ತಾಯಂದಿರೇ, ನಿಮ್ಮ ಮಗಳು ಬಾಟಲಿಯಲ್ಲಿ ನೋಡುತ್ತಾ ನಿಲ್ಲುವ ಬಣ್ಣ ಇಂಥದ್ದು.

ಎಣಿಕೆಯಲ್ಲಿ ಮೋಸವಾದರೆ ಏನಾಗುತ್ತದೆ? ಪ್ರೋಟೀನ್ ಎಷ್ಟಿದೆ ಎಂದು ತಿಳಿಯಲು ಇನ್ನೊಂದು ಅಗ್ಗದ ದಾರಿಯಿದೆ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ತೋರಿಸಿಕೊಟ್ಟದ್ದು. ಪದಾರ್ಥದೊಳಗಿನ ಸಾರಜನಕವನ್ನು ಅಳೆದು, ಅದನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಅಂದಾಜು ಸಿಗುತ್ತದೆ, ಹಾಲಿಗೆ 6.38. ಒಳ್ಳೆಯ ವಿಧಾನವೇ. ಆದರೆ ಅದು ಮಣಿಯನ್ನು ನೋಡುವುದಿಲ್ಲ, ಸಾರಜನಕವನ್ನಷ್ಟೇ ನೋಡುತ್ತದೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮಿನ್ ಹಾಕಿದರು. ಮೆಲಮಿನ್ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಪರೀಕ್ಷೆಯಲ್ಲಿ ಹಾಲು ಗಟ್ಟಿಯೆಂದು ಬಂತು. ಆ ಹಾಲಿನ ಪುಡಿ ಕುಡಿದ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಮೂತ್ರಪಿಂಡ ಕೆಟ್ಟು 6 ಕೂಸುಗಳು ತೀರಿಕೊಂಡವು. ಮೆಲಮಿನ್ ಅಮೈನೋ ಆಮ್ಲವಲ್ಲ. ಒಂದೊಂದೇ ಮಣಿಯನ್ನು ಎಣಿಸುವ ವಿಧಾನದಲ್ಲಿ ಅದು ಪ್ರೋಟೀನೆಂದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಣಿಸುವವರ ಕೈಯಲ್ಲಿ ಅಮಾನತ್ ಇರುತ್ತದೆ ಎನ್ನುವುದು ಇದಕ್ಕೇ.

ಇನ್ನು ಓದಿನ ವಿಚಾರ. ಎಣಿಸಿದ ಮಾತ್ರಕ್ಕೆ ಕ್ರಮ ತಿಳಿಯುವುದಿಲ್ಲ. ಮಾಲೆ ಬಿಚ್ಚಿ ಮಣಿಗಳನ್ನು ತಟ್ಟೆಯಲ್ಲಿ ಸುರಿದ ಮೇಲೆ ಯಾವುದರ ಪಕ್ಕ ಯಾವುದಿತ್ತು ಎಂದು ಯಾರು ಹೇಳಬಲ್ಲರು? 1940ರ ದಶಕದಲ್ಲಿ ಪ್ರೋಟೀನುಗಳಲ್ಲಿ ಖಚಿತವಾದ ಕ್ರಮವೇ ಇಲ್ಲವೇನೋ ಎಂದು ಅನುಮಾನಿಸಿದ ವಿಜ್ಞಾನಿಗಳೂ ಇದ್ದರು. ಆ ಅನುಮಾನವನ್ನು ಹೋಗಲಾಡಿಸಿದವರು ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್. ಅವರು ಓದಲು ಆರಿಸಿಕೊಂಡದ್ದು ದನದ ಇನ್ಸುಲಿನ್.

ಅವರ ಉಪಾಯ ಕೇಳಿ. ಮಾಲೆಯ ತುದಿಯ ಮಣಿಗೆ ಹಿಡಿದುಕೊಳ್ಳುವ ಒಂದು ಹಳದಿ ರಾಸಾಯನಿಕವನ್ನು ಅಂಟಿಸಿದರು. ಆಮೇಲೆ ಆಮ್ಲದಲ್ಲಿ ಬೇಯಿಸಿದರೆ ದಾರ ಕಡಿಯುತ್ತದೆ, ಹಳದಿ ಗುರುತು ಮಾತ್ರ ಬಿಡುವುದಿಲ್ಲ. ಹಳದಿ ಅಂಟಿದ ಮಣಿ ಯಾವುದೋ ಅದೇ ತುದಿ. 1945ರಲ್ಲಿ ನೋಡಿದಾಗ ಇನ್ಸುಲಿನ್‌ನಲ್ಲಿ ಎರಡು ಬಗೆಯ ತುದಿಗಳು ಸಿಕ್ಕವು. ಅಂದರೆ ಮಾಲೆ ಒಂದಲ್ಲ, ಎರಡು ಬಗೆ.

ಒಳಗಿನ ಮಣಿಗಳಿಗೆ ಬೇರೆ ಉಪಾಯ. ಮಾಲೆಯನ್ನು ಪೂರ್ತಿ ಬಿಡಿಸದೆ, ಅರೆಬರೆ ಕಡಿದರೆ ಎರಡು, ಮೂರು, ನಾಲ್ಕು ಮಣಿಗಳ ತುಂಡುಗಳು ಸಿಗುತ್ತವೆ. ಒಂದು ತುಂಡಿನಲ್ಲಿ ಕೆಂಪು, ಹಳದಿ, ನೀಲಿ ಇದೆ ಎನ್ನಿ. ಇನ್ನೊಂದರಲ್ಲಿ ಹಳದಿ, ನೀಲಿ, ಬಿಳಿ ಇದೆ. ಎರಡನ್ನೂ ಒಂದರ ಮೇಲೊಂದು ಹೊಂದಿಸಿದರೆ ಕೆಂಪು, ಹಳದಿ, ನೀಲಿ, ಬಿಳಿ ಎಂದು ಓದಬಹುದು. ಇಂಥ ನೂರಾರು ತುಂಡುಗಳನ್ನು ಕಾಗದದ ಮೇಲೆ ಬೇರ್ಪಡಿಸಿ, ಒಂದೊಂದರ ತುದಿ ಗುರುತಿಸಿ, ಹರಿದ ಪತ್ರ ಜೋಡಿಸಿದಂತೆ ಜೋಡಿಸಬೇಕು. ವಿಯೆನ್ನಾದಿಂದ ಬಂದ ಹಾನ್ಸ್ ಟುಪ್ಪಿ ಅವರೊಂದಿಗೆ 30 ಮಣಿಗಳ ಮಾಲೆಯನ್ನು 1951ರ ಹೊತ್ತಿಗೆ, ಆಸ್ಟ್ರೇಲಿಯಾದ ಥಾಂಪ್ಸನ್ ಅವರೊಂದಿಗೆ 21 ಮಣಿಗಳ ಮಾಲೆಯನ್ನು 1953ರ ಹೊತ್ತಿಗೆ ಓದಿ ಮುಗಿಸಿದರು. ಎರಡು ಮಾಲೆಗಳನ್ನು ಹಿಡಿದಿಟ್ಟ ಗಂಧಕದ ಕೊಂಡಿಗಳು ಎಲ್ಲಿವೆ ಎಂದು ತಿಳಿದದ್ದು 1955ರಲ್ಲಿ. ಒಟ್ಟು 51 ಮಣಿಗಳಿಗೆ ಹತ್ತು ವರ್ಷಕ್ಕೂ ಮಿಕ್ಕಿದ ಸಮಯ. 1958ರಲ್ಲಿ ನೊಬೆಲ್ ಬಂತು.

ದಾನಿಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ಹತ್ತು ವರ್ಷ ಅವರು ಊಟಕ್ಕೆ ಏನು ಮಾಡಿದರು? 1944ರಿಂದ 1951ರವರೆಗೆ, ಅಂದರೆ ಕೆಲಸದ ಮುಖ್ಯ ಭಾಗದಲ್ಲಿ, ಸ್ಯಾಂಗರ್ ಅವರನ್ನು ಪೋಷಿಸಿದ್ದು ಬೈಟ್ ಸ್ಮಾರಕ ಫೆಲೋಶಿಪ್. ತೀರಿಹೋದ ಅಣ್ಣ ಆಲ್ಫ್ರೆಡ್ ಬೈಟ್ ಅವರ ನೆನಪಿಗಾಗಿ ತಮ್ಮ ಓಟೊ ಬೈಟ್ 1909ರಲ್ಲಿ ಸ್ಥಾಪಿಸಿದ ನಿಧಿ ಅದು. ಅವರ ನಾಡು ಬೇರೆ, ನಂಬಿಕೆ ಬೇರೆ. ಆದರೆ ಸತ್ತವರ ಹೆಸರಿನಲ್ಲಿ ಕೊಟ್ಟದ್ದು ಮೂರು ತಲೆಮಾರು ಕಳೆದ ಮೇಲೂ ಜನರಿಗೆ ಉಪಯೋಗವಾಗುತ್ತಿದೆ ಎಂದರೆ ಏನೆಂದು ಸದಕ ಜಾರಿಯ ಬಲ್ಲ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ನಮ್ಮ ಸಮಿತಿಗೆ ಮುಳ್ಳಿನಂತೆ ಚುಚ್ಚಿತು. ಸ್ಯಾಂಗರ್ ತಮ್ಮ ಬಗ್ಗೆ ತಾವೇ ಬರೆದುಕೊಂಡಿದ್ದಾರೆ: ತಾನು ಓದಿನಲ್ಲಿ ಅಷ್ಟೇನೂ ಚುರುಕಾಗಿರಲಿಲ್ಲ, ಯಾವ ವಿದ್ಯಾರ್ಥಿವೇತನವನ್ನೂ ಗೆದ್ದವನಲ್ಲ, ಹೆತ್ತವರು ಸ್ಥಿತಿವಂತರಾಗಿರದಿದ್ದರೆ ಕೇಂಬ್ರಿಜ್ ಸೇರುವುದೇ ಬಹುಶಃ ಆಗುತ್ತಿರಲಿಲ್ಲ ಎಂದು. ಮುಂದೆ ಅವರಿಗೆ 1980ರಲ್ಲಿ ಡಿಎನ್‌ಎ ಓದುವ ವಿಧಾನಕ್ಕಾಗಿ ಎರಡನೇ ನೊಬೆಲ್ ಕೂಡ ಬಂತು. ನಮ್ಮ ನಿಯಮಾವಳಿಯಂತೆ ಅವರು ಅರ್ಜಿ ಹಾಕಿದ್ದರೆ? ಪಟ್ಟಿಯ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿದ್ದರು. ಅವರ ಮನೆಯಲ್ಲಿ ಹಣವಿತ್ತು, ದಾಟಿದರು. ಬೀಡಿ ಕಟ್ಟುವ ಮನೆಯ ಮಗಳಿಗೆ ದಾಟಲು ಇರುವ ಸೇತುವೆ ನಮ್ಮ ಟ್ರಸ್ಟು. ಆ ಸೇತುವೆಯನ್ನು ನಾವೇ ಎತ್ತಿಬಿಟ್ಟಿದ್ದೆವು.

ಆ 51 ಮಣಿಗಳ ಓದಿನಿಂದ ಯಾರಿಗೆ ಏನಾಯಿತು ಎಂಬ ಪ್ರಶ್ನೆಗೂ ಉತ್ತರವಿದೆ. ಹಿಂದೆ ಇನ್ಸುಲಿನನ್ನು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ನಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು, ಬಾಟಲಿ ಕೈಯಲ್ಲಿ ಹಿಡಿದು ಇದು ಯಾವುದರದ್ದು ಎಂದು ಕೇಳಿದವರಿದ್ದರು. ಪ್ರಾಣ ಉಳಿಸಲು ಬೇರೆ ದಾರಿ ಇಲ್ಲದಾಗ ಅನುಮತಿಯಿದೆ ಎಂದು ತಿಳಿದವರು ಹೇಳುತ್ತಿದ್ದರು. ಆದರೂ ಮನಸ್ಸಿನಲ್ಲಿ ಒಂದು ಭಾರ. ಮಣಿಗಳನ್ನು ಓದಿದಾಗ ತಿಳಿದದ್ದೇನು? ಮನುಷ್ಯನ ಇನ್ಸುಲಿನ್‌ಗೂ ಹಂದಿಯದ್ದಕ್ಕೂ ಒಂದೇ ಮಣಿಯ ವ್ಯತ್ಯಾಸ, ದನದ್ದಕ್ಕೆ ಮೂರು ಮಣಿಗಳ ವ್ಯತ್ಯಾಸ. ಮನುಷ್ಯನ ಇನ್ಸುಲಿನ್‌ನ ಕ್ರಮ ಕೈಯಲ್ಲಿದ್ದುದರಿಂದ ಅದಕ್ಕೆ ಹೊಂದುವ ಜೀನನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲೇ ಕಟ್ಟಿ, 1978ರಲ್ಲಿ ಬ್ಯಾಕ್ಟೀರಿಯಾದೊಳಗೆ ಇಟ್ಟು ಮನುಷ್ಯನ ಇನ್ಸುಲಿನನ್ನೇ ತಯಾರಿಸಿದರು. 1982ರಲ್ಲಿ ಅದು ರೋಗಿಗಳ ಕೈಗೆ ಬಂತು. ಆ ತಾಯಿಯ ಮನೆಯ ಬಾಟಲಿ ಈ ದಾರಿಯಲ್ಲಿ ಬಂದದ್ದು.

ಸ್ಯಾಂಗರ್ ಅವರ ವಿಧಾನದಲ್ಲಿ ಒಂದು ತೊಂದರೆಯಿತ್ತು: ತುದಿಯ ಮಣಿ ತಿಳಿಯಲು ಇಡೀ ಮಾಲೆಯನ್ನೇ ಹಾಳುಮಾಡಬೇಕು. ಸ್ವೀಡನ್ನಿನ ಪೇರ್ ಎಡ್ಮನ್ 1950ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತುದಿಯ ಒಂದೇ ಮಣಿ ಕಳಚಿ ಬರುತ್ತದೆ, ಉಳಿದ ಮಾಲೆ ಹಾಗೆಯೇ ಇರುತ್ತದೆ. ಮತ್ತೆ ಅದೇ ಕೆಲಸ, ಎರಡನೇ ಮಣಿ. ಮತ್ತೆ ಮೂರನೆಯದು. ತಸ್ಬೀಹ್ ಎಣಿಸಿದಂತೆ ಒಂದೊಂದಾಗಿ. ಆದರೆ ಪ್ರತಿ ಸುತ್ತಿನಲ್ಲೂ ನೂರಕ್ಕೆ 98 ಮಾಲೆಗಳು ಮಾತ್ರ ಸರಿಯಾಗಿ ಕಳಚಿದರೂ, 30 ಸುತ್ತಿನ ಹೊತ್ತಿಗೆ ಹೆಜ್ಜೆ ತಪ್ಪದ ಮಾಲೆಗಳು ನೂರಕ್ಕೆ ಸುಮಾರು 55. 60 ಸುತ್ತಿಗೆ ಸುಮಾರು 30. ಸಣ್ಣ ಸಣ್ಣ ನಷ್ಟ ಕೂಡಿ ಕೊನೆಗೆ ಓದೇ ಮಸುಕಾಗುತ್ತದೆ. ಆದ್ದರಿಂದ ಒಂದು ಸುತ್ತೂ ಒರಟಾಗಬಾರದು. ಮೆಲ್ಬರ್ನ್‌ನಲ್ಲಿ ಎಡ್ಮನ್ ಮತ್ತು ಬೆಗ್ ಇದಕ್ಕೊಂದು ಸ್ವಯಂಚಾಲಿತ ಯಂತ್ರ ಮಾಡಿ 1967ರಲ್ಲಿ ಪ್ರಕಟಿಸಿದರು. ಅದು ದಿನಕ್ಕೆ ಸುಮಾರು 15 ಮಣಿ ಓದುತ್ತಿತ್ತು. ಎಡ್ಮನ್‌ಗೆ ನೊಬೆಲ್ ಬರಲಿಲ್ಲ. ಅವರ ಹೆಸರಿನ ವಿಧಾನವನ್ನು ಮಾತ್ರ ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ಒಂದು ಮಣಿ ತಪ್ಪಿದರೆ ಏನಾದೀತು ಎನ್ನುವವರಿಗೆ ಸಿಕಲ್ ಸೆಲ್ ರೋಗವೇ ಉತ್ತರ. ಈ ರೋಗದಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾಗದ ನೋವು ಕೊಡುತ್ತವೆ. ಕೇಂಬ್ರಿಜ್‌ನಲ್ಲೇ ವರ್ನನ್ ಇಂಗ್ರಾಮ್ ರೋಗಿಯ ಹಿಮೋಗ್ಲೋಬಿನನ್ನೂ ಆರೋಗ್ಯವಂತರದ್ದನ್ನೂ ಟ್ರಿಪ್ಸಿನ್‌ನಿಂದ ತುಂಡರಿಸಿ, ಕಾಗದದ ಮೇಲೆ ಚುಕ್ಕೆಗಳಾಗಿ ಹರಡಿದರು. ಎಲ್ಲ ಚುಕ್ಕೆಗಳೂ ಒಂದೇ ಜಾಗದಲ್ಲಿ, ಒಂದು ಚುಕ್ಕೆ ಮಾತ್ರ ಸರಿದು ನಿಂತಿತ್ತು. ಆ ಚುಕ್ಕೆಯನ್ನು ಬಿಡಿಸಿ 1957ರಲ್ಲಿ ತೋರಿಸಿದರು: ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಇದೆ. 146 ಮಣಿಗಳ ಮಾಲೆಯಲ್ಲಿ ಆರನೆಯ ಒಂದು ಮಣಿ.

ಇದು ದೂರದ ಮಾತಲ್ಲ. ನಮ್ಮ ಗಡಿಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಲಕ್ಷಣ ಇರುವುದು 1952ರಲ್ಲೇ ವರದಿಯಾಯಿತು. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಕುಟುಂಬಗಳಲ್ಲೂ ಇದೆ. 2023ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಕಾರ್ಯಕ್ರಮ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಆ ರಕ್ತದ ಮಾದರಿಗಳನ್ನು ಯಂತ್ರಕ್ಕೆ ಹಾಕಿ, ಬಂದ ಗೆರೆ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವವರು ಯಾರು? ಬಿಎಸ್ಸಿ, ಎಂಎಸ್ಸಿ ಓದಿದ, ಪ್ರಯೋಗಾಲಯದಲ್ಲಿ ನಿಂತು ಕೈ ಪಳಗಿಸಿಕೊಂಡ ಮಕ್ಕಳೇ.

ಈಗಿನ ಪ್ರಯೋಗಾಲಯಗಳಲ್ಲಿ ಪ್ರೋಟೀನ್ ಓದುವ ಮುಖ್ಯ ಉಪಕರಣ ಮಾಸ್ ಸ್ಪೆಕ್ಟ್ರೋಮೀಟರ್. ಅದು ತುಂಡುಗಳನ್ನು ತೂಗುತ್ತದೆ. ಒಂದು ತುಂಡಿಗೂ ಅದಕ್ಕಿಂತ ಒಂದು ಮಣಿ ಕಡಿಮೆಯಿರುವ ತುಂಡಿಗೂ ಇರುವ ತೂಕದ ವ್ಯತ್ಯಾಸ ನೋಡಿದರೆ ಆ ಮಣಿ ಯಾವುದೆಂದು ತಿಳಿಯುತ್ತದೆ. ಇದಕ್ಕೂ ಮಿತಿಯಿದೆ: ಲ್ಯೂಸಿನ್ ಮತ್ತು ಐಸೊಲ್ಯೂಸಿನ್ ಒಂದೇ ತೂಕದವು, ಬರೀ ತೂಕದಿಂದ ಬೇರ್ಪಡಿಸಲಾಗದು. ದೊಡ್ಡ ಪ್ರೋಟೀನುಗಳನ್ನು ಒಡೆಯದೆ ಈ ಯಂತ್ರಕ್ಕೆ ಹಾರಿಸುವುದು ಬಹುಕಾಲ ಅಸಾಧ್ಯವೆನಿಸಿತ್ತು. ಅದಕ್ಕೆ ದಾರಿ ಕಂಡವರಲ್ಲಿ ಜಪಾನಿನ ಕೊಯಿಚಿ ತನಾಕಾ ಒಬ್ಬರು. ಓದಿದ್ದು ವಿದ್ಯುತ್ ಇಂಜಿನಿಯರಿಂಗ್ ಪದವಿ, ಡಾಕ್ಟರೇಟ್ ಇಲ್ಲ, ಒಂದು ಉಪಕರಣ ಕಂಪನಿಯ ನೌಕರ. ಒಂದು ದಿನ ಕೋಬಾಲ್ಟ್ ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿಬಿಟ್ಟರು. ಚೆಲ್ಲಲು ಮನಸ್ಸು ಬರಲಿಲ್ಲ, ಅದನ್ನೇ ಇಟ್ಟು ಪರೀಕ್ಷಿಸಿದರು. ಅದೇ ದಾರಿ ತೆರೆಯಿತು. 2002ರಲ್ಲಿ ಅವರಿಗೂ ನೊಬೆಲ್ ಬಂತು.

ಇಷ್ಟು ತಿಳಿದ ಮೇಲೆ ಸಮಿತಿ ಕುಳಿತು ಮಾತಾಡಿತು. ದಾನಿಗಳೊಬ್ಬರು ಕೇಳಿದರು, "ಝಕಾತಿನ ಹಣ ಅಮಾನತ್. ಫೇಲಾದವರಿಗೆ ಕೊಟ್ಟರೆ ನಾಳೆ ಉತ್ತರ ಕೊಡಬೇಕಾದವರು ನಾವಲ್ಲವಾ?" ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರ ಇಷ್ಟು: ಝಕಾತ್ ಅಂಕಗಳಿಗೆ ಕೊಡುವ ಬಹುಮಾನ ಅಲ್ಲ, ಅದು ಅಗತ್ಯವಿರುವವರ ಹಕ್ಕು. ಅಂಕಪಟ್ಟಿ ನೋಡುವುದು ಸುಲಭ, ಸಾರಜನಕ ಅಳೆದು ಪ್ರೋಟೀನ್ ಎಂದು ಬರೆದಷ್ಟೇ ಸುಲಭ. ಮಗುವನ್ನು ನೋಡಲು ಸಮಯ ಬೇಕು. ಆ ಸಮಯ ಕೊಡುವುದು ಸಮಿತಿಯ ಕೆಲಸ, ಕೊಡದೆ ಇದ್ದದ್ದು ನಮ್ಮ ಲೋಪ. ಆ ಲೋಪಕ್ಕಾಗಿ ಆ ಕುಟುಂಬದ ಕ್ಷಮೆ ಕೇಳಿದ್ದೇವೆ. ನಿಲ್ಲಿಸಿದ ತಿಂಗಳಿಂದ ಲೆಕ್ಕ ಹಾಕಿ ಹಣವನ್ನು ಪೂರ್ತಿ ಕೊಟ್ಟಿದ್ದೇವೆ. ಆ ಹುಡುಗಿ ಉಳಿದಿದ್ದ ವಿಷಯವನ್ನು ಮುಗಿಸಿ ಈಗ ಕೊನೆಯ ವರ್ಷದಲ್ಲಿದ್ದಾಳೆ, ಅಲ್‌ಹಮ್ದುಲಿಲ್ಲಾಹ್.

ಈ ವರ್ಷದಿಂದ ನಿಯಮಗಳು ಹೀಗಿವೆ. ಹೆತ್ತವರು ದಯವಿಟ್ಟು ಗಮನಿಸಬೇಕು.

ಒಂದು ವಿಷಯ ಅಥವಾ ಒಂದು ವರ್ಷ ಅನುತ್ತೀರ್ಣವಾದ ಮಾತ್ರಕ್ಕೆ ಸಹಾಯ ನಿಲ್ಲುವುದಿಲ್ಲ. ಕಾರಣವನ್ನು ವಿದ್ಯಾರ್ಥಿಯೇ ಸ್ವಂತ ಕೈಬರಹದಲ್ಲಿ ಬರೆದು ಕೊಡಬೇಕು. ಸಮಿತಿಯ ಇಬ್ಬರು ಮನೆಗೆ ಬಂದು ಮಾತಾಡುತ್ತಾರೆ. ಬಿಎಸ್ಸಿ, ಎಂಎಸ್ಸಿ ಮತ್ತು ಪ್ರಯೋಗಾಲಯ ತಂತ್ರಜ್ಞರ ಡಿಪ್ಲೊಮಾ ಓದುವವರಿಗೂ ವೈದ್ಯಕೀಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳಷ್ಟೇ ಆದ್ಯತೆ. ಲ್ಯಾಬ್ ಶುಲ್ಕ, ಬಿಳಿ ಕೋಟು, ರೆಕಾರ್ಡ್ ಪುಸ್ತಕ, ಬಸ್ ಪಾಸು, ಇವುಗಳ ವೆಚ್ಚವನ್ನೂ ಅರ್ಜಿಯಲ್ಲಿ ಬರೆಯಿರಿ, ನಾಚಿಕೆ ಬೇಡ. ಆದಾಯ ಪ್ರಮಾಣಪತ್ರ, ಹಿಂದಿನ ಅಂಕಪಟ್ಟಿ, ಕಾಲೇಜಿನ ದೃಢೀಕರಣ ಪತ್ರ ಎಂದಿನಂತೆ ಬೇಕು. ಅಂಕಪಟ್ಟಿ ನೋಡುತ್ತೇವೆ, ಆದರೆ ಅದನ್ನೊಂದನ್ನೇ ನೋಡುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಿಂದ ನಾವು ಕೇಳುವುದು ಒಂದೇ. ಕಂಡದ್ದನ್ನು ಕಂಡಂತೆ ಬರೆಯಿರಿ. ಪ್ರಯೋಗ ಕೆಟ್ಟರೆ ಕೆಟ್ಟಿತೆಂದು ಬರೆಯಿರಿ, ಪಕ್ಕದವರ ರೆಕಾರ್ಡ್ ನೋಡಿ ಅಂಕಿ ಹಾಕಬೇಡಿ. ನಾಳೆ ನಿಮ್ಮ ಸಹಿ ನಂಬಿ ಯಾರೋ ತಾಯಿ ಮಗುವಿಗೆ ಹಾಲು ಕುಡಿಸುತ್ತಾಳೆ, ಯಾರೋ ವೈದ್ಯರು ಔಷಧಿ ಬರೆಯುತ್ತಾರೆ.

ದಾನಿಗಳೇ, ನೀವು ಕೊಟ್ಟದ್ದರ ಫಲ ಮುಂದಿನ ವರ್ಷದ ವರದಿಯಲ್ಲೇ ಕಾಣಬೇಕೆಂದು ನಾವು ಅವಸರ ಮಾಡುವುದಿಲ್ಲ. ನೀವೂ ಮಾಡಬೇಡಿ ಎಂದು ವಿನಂತಿ. 51 ಮಣಿಗಳಿಗೆ ಹತ್ತು ವರ್ಷ ಕಾದವರಿದ್ದರು. ನಮ್ಮ ಮಕ್ಕಳಿಗೆ ಒಂದು ವರ್ಷ ಹೆಚ್ಚು ಕಾಯೋಣ.

ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ಮಕ್ಕಳ ವಿದ್ಯೆಯನ್ನು ಎಲ್ಲ ಜನರಿಗೂ ಉಪಕಾರವಾಗುವ ವಿದ್ಯೆಯಾಗಿ ಮಾಡಲಿ. ಆಮೀನ್.

ವಸ್ಸಲಾಮ್.